ಅಂಗಳದ ಚಾಪೆ

ಟೋವಿಯಾ ಬೆಳಗಿನಿಂದ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತೆಂಗಿನಕಾಯಿ ಒಡೆಯುವ ಕತ್ತಿಯೇ. ಆದರೆ ಇವತ್ತು ಕಾಯಿ ಒಡೆಯುವುದಕ್ಕಲ್ಲ.

ಅವನೆದುರು, ಅಂಗಳದ ನಡುವೆ, ನವಿರು ಹೆಣಿಗೆಯ ಹಳೆಯ ಚಾಪೆಯೊಂದನ್ನು ತಲೆಯಿಂದ ಹೊದ್ದುಕೊಂಡು ಅಪೆಲು ಮಂಡಿಯೂರಿದ್ದ. ಬೆಳಕು ಹರಿಯುವ ಮೊದಲೇ ಬಂದಿದ್ದ. ಸಾಮೋವಾದಲ್ಲಿ ತಪ್ಪು ಮಾಡಿದವನಿಗೆ ಉಳಿಯುವ ಕೊನೆಯ ದಾರಿ ಇದು. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಚಾಪೆಯೂ ಅವರದು, ಕತ್ತಿಯೂ ಅವರದು, ಒಳಗಿರುವ ತಲೆಯೂ ಅವರದು.

ಅವನು ಮಾಡಿದ್ದೇನು ಸಣ್ಣದಲ್ಲ. ಹದಿನಾಲ್ಕು ವಾರದ ಹಿಂದೆ ಒಂದು ಶನಿವಾರ ಕಂಠಮಟ್ಟ ಕುಡಿದು ಈ ಮನೆಗೆ ನುಗ್ಗಿದ್ದ. ಈ ಅವಸ್ಥೆಯಲ್ಲಿ ಒಳಗೆ ಕಾಲಿಡಬೇಡ ಎಂದು ಅಡ್ಡ ನಿಂತ ಸುಲುವಿನ ಬಲಗೈಯನ್ನು ತಿರುಚಿ ಮುರಿದಿದ್ದ. ಸುಲು ಟೋವಿಯಾನ ತಂಗಿ. ಇಲ್ಲಿ ಅಣ್ಣನಿಗೆ ತಂಗಿಯ ಮಾನ ಪ್ರಾಣಕ್ಕಿಂತ ದೊಡ್ಡದು. ಸುದ್ದಿ ಕೇಳಿ ಪಕ್ಕದೂರಿಂದ ಓಡಿಬಂದ ಟೋವಿಯಾ ಇನ್ನೂ ತನ್ನೂರಿಗೆ ಹಿಂತಿರುಗಿರಲಿಲ್ಲ.

ಈ ಮನೆಗೆ ಒಬ್ಬ ಗಂಡಸೂ ಇದ್ದ ಅನ್ನಿ. ಇದ್ದೂ ಇಲ್ಲದಂಥವನು, ಅವನನ್ನು ನಂಬಿ ಸುಲು ಕೆಟ್ಟಳು ಎಂದು ಊರು ಆಡಿಕೊಳ್ಳುತ್ತಿತ್ತು. ಇವತ್ತೂ ಆ ಮಹಾಶಯ ಮನೆಯೊಳಗಿರಲಿಲ್ಲ.

ಚಾಪೆಯೊಳಗೆ ಸೆಕೆ. ಅಪೆಲುವಿಗೆ ಕಾಣುತ್ತಿದ್ದದ್ದು ಮೊಣಕಾಲ ಮುಂದಿನ ಒಂದು ಗೇಣು ಅಂಗಳ ಮಾತ್ರ. ಬಿಳಿ ಹವಳದ ಕಲ್ಲುಗಳನ್ನು ಅಡ್ಡಾದಿಡ್ಡಿ ಹಾಸಲಾಗಿತ್ತು. ಹಾಸಿದವನು ಅಮಲಿನಲ್ಲಿದ್ದ ಎಂದು ಕಲ್ಲುಗಳೇ ಹೇಳುತ್ತಿದ್ದವು. ಅವನ ಮುಖ ಬಿಸಿಯಾಯಿತು. ಮನೆಯ ನಾಯಿ ಬಂದು ಅವನ ಪಾದ ಮೂಸಿತು, ಬೊಗಳದೆ ಪಕ್ಕದಲ್ಲೇ ಮಲಗಿತು. ನಾಯಿಗೆ ನ್ಯಾಯಾನ್ಯಾಯ ಎಲ್ಲಿ ಗೊತ್ತು.

ಕುಡಿತ ಬಿಟ್ಟದ್ದು ನಿಜ. ಕೈ ನಡುಗಿದಾಗ ಕೀರ್ತನೆಗಳನ್ನು ಗಟ್ಟಿಯಾಗಿ ಓದಿದ. ನಾಲಿಗೆ ಒಣಗಿದಾಗ ಚರ್ಚಿನ ಹಿಂದಿನ ಕೆಸುವಿನ ಪಾತಿಯಲ್ಲಿ ಬೆವರು ಸುರಿಯುವ ತನಕ ಅಗೆದ. ಮಲಗುತ್ತಿದ್ದದ್ದೂ ಅಲ್ಲೇ, ಗುದ್ದಲಿ ಸನಿಕೆ ಇಡುವ ಕೊಟ್ಟಿಗೆಯಲ್ಲಿ. ಎಂಟನೆಯ ಭಾನುವಾರ ಸಭೆಯ ಮುಂದೆ ಎದ್ದು ನಿಂತು, ತಾನು ಪಾಪಿ, ಒಬ್ಬ ಹೆಂಗಸಿಗೆ ನೋವು ಕೊಟ್ಟೆ ಎಂದು ಅತ್ತ. ಸಭೆಯೂ ಅತ್ತಿತು, ಅವನನ್ನು ತಬ್ಬಿಕೊಂಡಿತು. ಅದು ಅವನಿಗೆ ಹಿತವಾಗಿತ್ತು. ಹಿತವಾಗಿದ್ದಕ್ಕೆ ಈಗ ನಾಚಿಕೆಯಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಸುಲು ಅಳಲಿಲ್ಲ. ಎದ್ದು ಹೋದಳು.

ಮರುದಿನ ಪಾದ್ರಿ ಕೆಸುವಿನ ಪಾತಿಗೆ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ದೇವರ ಮುಂದೆ ಮಂಡಿ ಊರೋದು ಸುಲಭ ಕಣಯ್ಯ," ಎಂದರು. "ನೀನೇನು ದೇವರ ಕೈ ಮುರಿದ್ಯಾ?"

ಆ ಮಾತು ಆರು ವಾರ ಅವನನ್ನು ಕೊರೆಯಿತು. ಕೊನೆಗೆ ಊರ ಮುಖಂಡನ ಬಳಿ ಹೋಗಿ, ಚಾಪೆ ಹೊರುತ್ತೇನೆ, ಜೊತೆಗೆ ಬನ್ನಿ ಎಂದು ಕೇಳಿದ. ಮುಖಂಡ ಮೊದಲು ನಕ್ಕ, ಆಮೇಲೆ ಸಿಟ್ಟಾದ. ಚಾಪೆ ಇರುವುದು ಎರಡು ಕುಲಗಳ ನಡುವೆ ರಕ್ತ ಹರಿದಾಗ ಎಂದ. ಇಂಥದ್ದಕ್ಕೆಲ್ಲ ಚಾಪೆ ಹೊರಲು ಹೊರಟರೆ ನಾಳೆಯಿಂದ ಊರಿನ ಅರ್ಧ ಗಂಡಸರು ಅಂಗಳದಲ್ಲೇ ಕೂರಬೇಕಾಗುತ್ತದೆ ಎಂದೂ ಹೇಳಿದ. ರೂಢಿಯಂತೆ ಬಳಗವೆಲ್ಲ ಅಪೆಲುವಿನ ಹಿಂದೆ ಬಂದು ಕೂರಬೇಕಿತ್ತು. ಒಬ್ಬರೂ ಬರಲಿಲ್ಲ. ತನ್ನ ತಾಯಿಯ ಪೆಟ್ಟಿಗೆಯಲ್ಲಿದ್ದ ಚಾಪೆಯನ್ನು ಹೊತ್ತು ಒಬ್ಬನೇ ಬಂದಿದ್ದ.

ಬಿಸಿಲು ಏರಿತು. ಒಳಗಿನಿಂದ ಕೋಕೋ ಕುದಿಯುವ ಪರಿಮಳ ಬಂತು. ಸುಲುವಿನ ತಾಯಿ, ಮುದುಕಿ ಫುವಾ, ಹೊರಗೆ ಬಂದು ಚಾಪೆಯ ಸುತ್ತ ಒಂದು ಸುತ್ತು ಹಾಕಿದಳು.

"ಚಾಪೆ ಕೆಳಗೆ ತೂರಿದ್ರೆ ಎಲ್ಲ ಮುಗೀತು ಅಂದ್ಕೊಂಡಿದಾನೆ," ಎಂದಳು ಮಗನಿಗೆ. "ನೋಡೋ, ಇದು ನಾನೇ ಹೆಣೆದಿದ್ದು. ಎರಡು ವರ್ಷ ಕಣ್ಣು ಸವೆಸಿದ್ದೆ."

ಅದರಲ್ಲೇನೂ ವಿಶೇಷವಿಲ್ಲ. ಮದುವೆಗೋ ಮಣ್ಣಿಗೋ ಚಾಪೆಗಳು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತವೆ. ಆದರೂ ಒಳಗಿದ್ದವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಟೋವಿಯಾ ಎದ್ದ. ಕತ್ತಿ ಕಲ್ಲಿಗೆ ತಾಗಿ ಸದ್ದಾಯಿತು.

"ಅಮ್ಮಾ, ನೀನು ಹೂಂ ಅನ್ನು, ಸಾಕು."

ಹಳೆಯ ಅಪೆಲು ಆಗಿದ್ದರೆ ಇಷ್ಟು ಹೊತ್ತಿಗೆ ಮುಷ್ಟಿ ಬಿಗಿದು ಎದ್ದಿರುತ್ತಿದ್ದ. ಈಗ ಅಂಗೈಗಳನ್ನು ಬಿಚ್ಚಿ ಕಲ್ಲುಗಳ ಮೇಲೆ ಊರಿದ, ಕತ್ತು ಬಗ್ಗಿಸಿದ. ಚಾಪೆ ಎತ್ತಿಸಪ್ಪಾ ಎಂದು ಅವನು ಪ್ರಾರ್ಥಿಸಲಿಲ್ಲ. ಓಡಿಹೋಗದ ಹಾಗೆ ಹಿಡಿದುಕೋ ಎಂದಷ್ಟೇ ಬೇಡಿಕೊಂಡ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೆಜ್ಜೆಯ ಸದ್ದಿನಿಂದಲೇ ಸುಲು ಎಂದು ಅವನಿಗೆ ತಿಳಿಯಿತು. ಅವಳು ಅಣ್ಣನಿಗೆ ಕೂರಲು ಹೇಳಿ, ಬಾಗಿ ಚಾಪೆಯ ಅಂಚು ಹಿಡಿದಳು. ಬಲಗೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಹಿಡಿದಳು, ಎತ್ತಲಿಲ್ಲ.

"ಚರ್ಚಲ್ಲಿ ಒಬ್ಬ ಹೆಂಗಸು ಅಂದ್ಯಲ್ಲ," ಎಂದಳು. "ಯಾರು ಆ ಹೆಂಗಸು? ನಿನಗೇನಾಗ್ಬೇಕು? ಎಲ್ರಿಗೂ ಕೇಳೋ ಹಾಗೆ ಹೇಳು."

ದಾಸವಾಳದ ಬೇಲಿಯಾಚೆ ಎಲೆ ಗುಡಿಸುವ ನೆಪದಲ್ಲಿ ನಿಂತಿದ್ದ ಊರು ಗುಡಿಸುವುದನ್ನು ನಿಲ್ಲಿಸಿತು.

"ನನ್ನ ಹೆಂಡ್ತಿ," ಎಂದ ಅಪೆಲು, ಮತ್ತು ಸುಲು ಚಾಪೆ ಎತ್ತಿದಳು.