ಜಾರಿದ ಬಣ್ಣ

ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವುದರಲ್ಲಿ ದಾವಲಸಾಬನನ್ನು ಮೀರಿಸುವವರು ಊರಲ್ಲಿರಲಿಲ್ಲ. ಸ್ಪ್ರೇ ಗನ್ನನ್ನು ಗೇಣು ದೂರ ಹಿಡಿದು, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಹಾಯಿಸಿದನೆಂದರೆ ಬಣ್ಣ ಸಮನಾಗಿ ಕೂರುತ್ತಿತ್ತು, ತೊಟ್ಟೂ ಪೋಲಾಗುತ್ತಿರಲಿಲ್ಲ. ಈ ಕಸುಬು ಕಲಿಸಿದವರು ಕಾರ್ಖಾನೆಯ ಧಣಿ ಶಿವಪುತ್ರಪ್ಪನವರೇ.

ಎರಡು ತಿಂಗಳಿಂದ ಅವನ ಬಲಗೈ ನಡುಗುತ್ತಿತ್ತು. ಆ ದಿನ ಎಡಗೈಯ ಆಸರೆ ಕೊಟ್ಟರೂ ಗನ್ನು ಒಂದೇ ಕಡೆ ತಡೆದು ನಿಂತಿತು. ಮದುವೆಮನೆಗೆ ಹೋಗಬೇಕಿದ್ದ ಬೀರುವಿನ ಬಾಗಿಲ ಮೇಲೆ ಬಣ್ಣ ದಪ್ಪಗೆ ಕೂತು, ಅವನು ನೋಡುತ್ತಿದ್ದಂತೆಯೇ ಕೆಳಗಿಳಿಯತೊಡಗಿತು. ಒರೆಸುವಂತಿಲ್ಲ, ಬಿಡುವಂತಿಲ್ಲ. ಅಷ್ಟರಲ್ಲಿ ಧಣಿ ಬಂದರು. ಬಾಗಿಲ ಮುಂದೆ ಬಹಳ ಹೊತ್ತು ನಿಂತರು.

“ಚಲೋ ಬಂದೇತಿ ದಾವಲಸಾಬ. ಕನ್ನಡಿ ಆಗೇತಿ.”

ಚುಚ್ಚಿ ಆಡಿದರೆಂದುಕೊಂಡು ಅವನು ಗನ್ನು ಕೆಳಗಿಟ್ಟ.

“ತಪ್ಪಾತ್ರಿ ಧಣ್ಯಾರ. ಕೈ ನಡಗಾಕತ್ತೇತಿ. ಬಣ್ಣೆಲ್ಲಾ ಜಾರೇತಿ. ನಾಳಿಂದ ಬ್ಯಾರೆಯವರನ್ನ ನೋಡಕೊಳ್ರಿ.”

ಧಣಿ ಅತ್ತಿತ್ತ ಕಿವಿಗೊಟ್ಟು, ಹತ್ತಿರ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು.

“ಎಲ್ಲಿ ಜಾರೇತಿ? ನನಗ ಕಾಣವಲ್ದು. ಕೈ ಹಿಡದು ತೋರಸು.”