ಓಸಾಜೆ ಕಲಿತು ಬಂದ ನಮಸ್ಕಾರ

“ಏನಂದೆ? ಇನ್ನೊಂದ್ಸಲ ಹೇಳು,” ಎಂದರು ಇಗಿಯೆಬೋರ್.

ಅವರ ಮಗಳು ಇಮಾದೆಯನ್ನು ಮದುವೆಗೆ ಕೇಳಲು ಬೆಳ್ಳಂಬೆಳಿಗ್ಗೆ ಬೆನಿನ್ ಪಟ್ಟಣಕ್ಕೆ ಬಂದಿಳಿದಿದ್ದ ಓಸಾಜೆ, ಕೆಂಪು ಅಂಗಳದಲ್ಲಿ ಮಂಡಿಯೂರಿದವನು ಇನ್ನಷ್ಟು ಬಾಗಿದ. “ದೆಲಾಯಿಸೊ, ಯಜಮಾನ್ರೇ.”

ಇಗಿಯೆಬೋರ್ ಮುಖ ಇಳಿದುಹೋಯಿತು. “ಅಯ್ಯೋ ದೇವರೇ! ಅದು ನಮ್ಮ ಮನೆತನದ ಬೆಳಗಿನ ನಮಸ್ಕಾರ ಅಲ್ವೇನೋ! ಮನೆತನಕ್ಕೊಂದೇ ನಮಸ್ಕಾರ; ಹಾಗಾದ್ರೆ ನೀನು ನಮ್ಮದೇ ರಕ್ತ. ಇಮಾದೆಗೆ ಅಣ್ಣ ಆಗ್ಬೇಕು! ಏಳು ಮಗನೇ, ಹೊಟ್ಟೆ ತುಂಬಾ ತಿಂದ್ಕೊಂಡು ಹೋಗು. ಮದುವೆ ಮಾತು ಮಾತ್ರ ಎತ್ತಬೇಡ.”

ಓಸಾಜೆ ಗಾಬರಿಯಿಂದ ತಲೆಯೆತ್ತಿದ. “ಇಲ್ಲ ಯಜಮಾನ್ರೇ! ಇದು ನಮ್ಮಪ್ಪ ಕಲಿಸಿದ್ದಲ್ಲ. ನಿಮಗೆ ಖುಷಿಯಾಗ್ಲಿ ಅಂತ ನಾನೇ ಕಲ್ತು ಬಂದೆ. ಬಸ್ಸಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ದೆ!”

“ಕಲ್ತು ಬಂದ್ಯಾ?” ಇಗಿಯೆಬೋರ್ ಹೊಟ್ಟೆ ನಗುವಿಗೆ ಕುಲುಕತೊಡಗಿತು. “ಅಪ್ಪನ ನಮಸ್ಕಾರ ಬಿಟ್ಟು ಇನ್ನೊಂದು ಮನೆಯದ್ದು ಹಿಡಿಯೋಳು ಮದುಮಗಳು ಕಣೋ! ನೀನು ನನ್ನ ಮಗಳನ್ನ ಕೇಳೋಕೆ ಬಂದ್ಯೋ, ನನ್ನ ಮನೆಗೆ ಸೊಸೆಯಾಗೋಕೆ ಬಂದ್ಯೋ?” ಒಳಗೆ ಯಾರೋ ಕಿಸಕ್ಕನೆ ನಕ್ಕರು. ಇಗಿಯೆಬೋರ್ ಮಾತ್ರ ನಗು ನಿಲ್ಲಿಸಿ ಕಣ್ಣು ಕಿರಿದು ಮಾಡಿದರು. “ನಿಮ್ಮಪ್ಪ ಕಲಿಸಿದ್ದು ಯಾವುದು? ಸುಳ್ಳು ಹೇಳಿದ್ರೆ ನಿಮ್ಮೂರಿಗೇ ಹೋಗಿ ವಿಚಾರಿಸ್ತೀನಿ, ನೋಡು.”

“ಲಾವಿಯೆಜೆ.”

ಇಗಿಯೆಬೋರ್ ಆ ಮಾತನ್ನು ಬಾಯೊಳಗೇ ಹೊರಳಿಸಿ ನೋಡಿದರು. ಬೇರೆ ಮನೆತನ, ಬೇರೆ ರಕ್ತ. ಅಡ್ಡಿಯಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವ ಮೊದಲೇ ಇಮಾದೆ ಬಿಸಿ ಅಲಸಂದೆ ವಡೆಯ ತಟ್ಟೆ ಹಿಡಿದು ಬಂದಳು. ದಿನವೂ ಮಾಡುವಂತೆ ಅಪ್ಪನ ಮುಂದೆ ಮಂಡಿಯೂರಿದಳು.

“ಲಾವಿಯೆಜೆ, ಅಪ್ಪಾ.”

ಅವಳ ತಲೆ ಮುಟ್ಟಲು ಹೋದ ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಮಾತು ಬಂದಂದಿನಿಂದ ಆ ಬಾಯಿ ಬೆಳಿಗ್ಗೆ ದೆಲಾಯಿಸೊ ಬಿಟ್ಟು ಬೇರೆ ನಮಸ್ಕಾರ ಹೇಳಿದ್ದೇ ಇರಲಿಲ್ಲ.

“ನಿಂಗೇನೇ ಅಷ್ಟು ಅವಸರ?” ಎಂದರು ಕೊನೆಗೆ. “ಒಪ್ಕೊಂಡೆ ಕಣೇ, ಒಪ್ಕೊಂಡೆ. ಆದ್ರೆ ಮದುವೆ ಇನ್ನೂ ಆಗಿಲ್ಲ. ಅಲ್ಲೀವರೆಗಿನ ಬೆಳಗೆಲ್ಲ ನಂದು. ಸರಿಯಾಗಿ ಹೇಳು.”

“ದೆಲಾಯಿಸೊ, ಅಪ್ಪಾ.”

ಇಗಿಯೆಬೋರ್ ಥಟ್ಟನೆ ಒಂದು ವಡೆ ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ವಡೆ ಬಿಸಿಯಿತ್ತು.