ಒಂದೇ ಕೈಯಲ್ಲಿ ಎತ್ತುವ ಬ್ಯಾಗು

“ಇನ್ನೊಂದ್ಸಲ ಎತ್ತು,” ಎಂದಳು ಅತ್ತೆ.

ಸೊಸೆ ಎತ್ತಿದಳು, ಎಡಗೈಯಲ್ಲಿ. ಬಲಗೈಯ ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ ಬ್ಯಾಂಡೇಜು. ಬ್ಯಾಗಿನೊಳಗೆ ಅಂಗಡಿಯದೇ ಬೀಗಗಳ ಡಬ್ಬಗಳಿದ್ದವು. ವಿಮಾನದೊಳಗೆ ಬಿಡುವ ಏಳು ಕಿಲೋ ಆಗುವಷ್ಟನ್ನು ಅತ್ತೆಯೇ ನಿಂತು ತುಂಬಿಸಿದ್ದಳು. ಬ್ಯಾಗು ಸೊಸೆಯ ಭುಜದವರೆಗೆ ಬಂತು, ತೂಗಾಡಿತು, ಮೇಲಿನ ಶೆಲ್ಫಿನ ಅಂಚಿಗೆ ಬಡಿದು ಕೆಳಗೆ ಬಿತ್ತು.

“ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ! ಇದು ಬೇಡ. ಇನ್ನೂ ಹಗುರದ್ದು ತೋರಿಸು.”

ಅಂಗಡಿಯವನಿಗೆ ಮೈ ಉರಿಯಿತು. ಗಿರಾಕಿ ಅಂತ ನಾಲಗೆ ಕಚ್ಚಿಕೊಂಡ. “ಕೊಡೀಮ್ಮಾ, ನಾನೇ ಎತ್ತಿ ತೋರಿಸ್ತೀನಿ.”

“ವಿಮಾನದಲ್ಲಿ ನೀನಿರ್ತೀಯೇನಪ್ಪಾ?”

“ಅಲ್ಲ, ಮಗಳ ಮನೆಗೆ ಹೋಗೋರು ನೀವು. ಇವರ ಕೈಲಿ ಯಾಕೆ ಎತ್ತಿಸ್ತೀರಿ?”

“ಈ ಕಡ್ಡಿಗೆ ಒಂದು ಕೈಲಿ ಆಗೋದಾದ್ರೆ ನನಗೆ ಎರಡು ಕೈಲಿ ಆಗಲ್ವಾ? ಅದಕ್ಕೆ.”

ಮಗ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು, ಮೆತ್ತನೆಯ ಮಾತು. “ಸಾಕು ಬಿಡಮ್ಮಾ. ಕೈ ಬಾಗಿಲಿಗೆ ಸಿಕ್ಕಿದ್ದು ಇನ್ನೂ ವಾಸಿಯಾಗಿಲ್ಲ, ಪಾಪ.” ಹೆಂಡತಿಯ ಕಡೆ ತಿರುಗಿ, “ನೀರು ಬೇಕಾ?” ಎಂದ. ಅವಳು ಮುಖ ಎತ್ತದೆ ಬೇಡವೆಂದು ತಲೆಯಾಡಿಸಿದಳು.

“ನಾನು ಹೇಳಿದ್ದನ್ನ ಆವಾಗಲೇ ಕೇಳಿದ್ದಿದ್ರೆ ಕೈ ಬಾಗಿಲಿಗೆ ಸಿಗ್ತಾನೇ ಇರಲಿಲ್ಲ,” ಎಂದು ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು.

ಆ ಬಾಗಿಲನ್ನು ಹಾಕಿದ್ದು ಯಾರಿರಬಹುದು ಎಂದು ಅಂಗಡಿಯವನು ಆಗಲೇ ತೀರ್ಮಾನಿಸಿಬಿಟ್ಟ. ಬಿಳಿ ಕೂದಲು ಬಂದರೂ ವಿಷ ಇಳಿದಿಲ್ಲ ಎಂದುಕೊಂಡ. ಕೆಂಪು ಬ್ಯಾಗೊಂದನ್ನು ಬೇಕೆಂದೇ ಸದ್ದಾಗುವಂತೆ ಅವಳ ಮುಂದಿಟ್ಟ.

“ಇದು ಹಗುರ. ಎಷ್ಟೇ ಜನರಿದ್ದರೂ ದೂರದಿಂದಲೇ ಗುರುತು ಸಿಗುತ್ತೆ.”

“ಗುರುತು ಸಿಗೋಕೆ ನಾನೇನು ಮದುಮಗಳಾ? ಎಲ್ಲರ ಹತ್ತಿರ ಇರುತ್ತಲ್ಲ, ಬೂದು ಬಣ್ಣದ್ದು. ಅದು ತೆಗಿ.”

ಬೂದು ಬ್ಯಾಗು ಬಂತು. ಅತ್ತೆ ತನ್ನ ಬಟ್ಟೆ ಚೀಲದಿಂದ ಆಸ್ಪತ್ರೆಯ ಕಂದು ಲಕೋಟೆಯೊಂದನ್ನು ಎಳೆದು ಬ್ಯಾಗಿನ ತಳದಲ್ಲಿ ಮಲಗಿಸಿದಳು. ಹಿಂದಿನ ಬ್ಯಾಗುಗಳಿಗೂ ಹೀಗೇ ಮಾಡಿದ್ದಳು. ಒಂದರಲ್ಲಿ ಲಕೋಟೆಯ ಮೂಲೆ ಮಡಚಿತೆಂದು ಅರ್ಧ ಗಂಟೆ ಬೈದಿದ್ದಳು. ಇದರಲ್ಲಿ ಸರಿಯಾಗಿ ಕೂತಿತು.

“ಏನಮ್ಮಾ ಅದು?”

“ಎಕ್ಸ್-ರೇ. ನನ್ನ ಮೊಣಕಾಲಿಂದು. ಅಲ್ಲಿನ ಡಾಕ್ಟರಿಗೆ ತೋರಿಸಬೇಕು.”

ಅಂಗಡಿಯವನು ಉಬ್ಬಿದ ಲಕೋಟೆಯನ್ನು ನೋಡಿದ. “ಇಷ್ಟು ದಪ್ಪ! ಎಷ್ಟು ಮೊಣಕಾಲಮ್ಮಾ ನಿಮಗೆ?”

ಮಗ ನಕ್ಕ. ಅತ್ತೆ ನಗಲಿಲ್ಲ. ಬೀಗದ ಡಬ್ಬಗಳನ್ನು ಹೊಸ ಬ್ಯಾಗಿಗೆ ಸುರಿದು, ಸೊಸೆಯ ಕಡೆ ಗದ್ದ ಎತ್ತಿದಳು. ಈ ಸಲ ಬ್ಯಾಗು ಎಡಗೈಯಲ್ಲೇ ಮೇಲೇರಿ ಶೆಲ್ಫಿನ ಮೇಲೆ ಕೂತಿತು. ಸೊಸೆಯ ಹಣೆಯಲ್ಲಿ ಬೆವರು. ಅಂಗಡಿಯಲ್ಲಿ ಯಾರೂ ಭೇಷ್ ಅನ್ನಲಿಲ್ಲ.

“ದೊಡ್ಡ ಸೂಟ್‌ಕೇಸೇ ತಗೊಂಡು ಹೋಗಬಹುದಿತ್ತು,” ಎಂದ ಮಗ.

“ಅದನ್ನ ಕೌಂಟರಿನಲ್ಲಿ ಕೊಟ್ಟು, ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯ್ತಾ ನಿಲ್ಲೋಕಾಗಲ್ಲ. ಕೈಯಲ್ಲಿದ್ದರೆ ಸೀದಾ ಹೋಗ್ತಾ ಇರಬಹುದು.”

“ಟಿಕೆಟ್ ಒಂದ್ಸಲ ತೋರಿಸಮ್ಮಾ, ಟೈಮ್ ನೋಡ್ತೀನಿ.”

“ನಿಮ್ಮಕ್ಕ ನೋಡಿಯೇ ಮಾಡಿಸಿದ್ದಾಳೆ. ನೀನು ಬೀರುವಿನ ಕೀ ಕೊಡು, ನನ್ನ ಗುರುತಿನ ಕಾರ್ಡು ಅದರಲ್ಲೇ ಇದೆ. ಮನೆಯವರೆಲ್ಲರ ಕಾಗದಪತ್ರವನ್ನ ನಿಧಿ ಕಾಯೋ ಹಾವಿನ ಥರ ಕಾಯ್ತಾ ಕೂತಿದ್ದೀಯ.”

ಮಗ ನಗುತ್ತಲೇ ಗೊಂಚಲಿನಿಂದ ಒಂದು ಕೀ ಬಿಡಿಸಿ ಕೊಟ್ಟ.

ಕೊನೆಯದಾಗಿ ಅಂಗಡಿಯವನು ಬ್ಯಾಗಿನ ಹಿಡಿಯನ್ನು ಎಳೆದು ನಿಲ್ಲಿಸಿದ. ಅದು ಸೊಸೆಯ ಸೊಂಟದ ಹತ್ತಿರ ನಿಂತಿತು. ಅತ್ತೆ ಅವಳಿಗಿಂತ ಒಂದು ಗೇಣು ಎತ್ತರ.

“ನಿಮಗೆ ಇದು ಗಿಡ್ಡ ಆಯ್ತು. ಎಳೀವಾಗ ಬಗ್ಗಬೇಕಾಗುತ್ತೆ.”

“ಇಷ್ಟು ವರ್ಷ ಬಗ್ಗಿದ್ದೀನಿ. ನೀನು ಬಿಲ್ ಹಾಕು.”

ಮೂವರೂ ಮೆಟ್ಟಿಲಿಳಿದರು. ಬ್ಯಾಗನ್ನು ಹೊತ್ತವಳು ಸೊಸೆಯೇ. ಅಂಗಡಿಯವನು ಅತ್ತೆಯ ಬೆನ್ನಿಗೆ ಶಾಪ ಹಾಕಿ ಬೀಗದ ಡಬ್ಬಗಳನ್ನು ಎತ್ತಿಡತೊಡಗಿದ.

ಭಾನುವಾರ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೂ ಮೂವರೇ ಬಂದರು. ಹೆಂಡತಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರುವವನಲ್ಲ ಮಗ. ದಾರಿಯುದ್ದಕ್ಕೂ ಅತ್ತೆ ಬೈದಳು. ಸೊಸೆ ಬ್ಯಾಗು ಹಿಡಿದ ರೀತಿ ಸರಿಯಿಲ್ಲ, ಕೂತ ರೀತಿ ಸರಿಯಿಲ್ಲ, ಉಸಿರಾಡುವುದೂ ಸರಿಯಿಲ್ಲ.

“ನೀನು ಕಾರು ನಿಲ್ಲಿಸಿ ಬಾ,” ಎಂದಳು ಮಗನಿಗೆ. “ಇವಳು ಇಲ್ಲೇ ಬ್ಯಾಗು ಹಿಡ್ಕೊಂಡಿರಲಿ. ಅಷ್ಟಕ್ಕಾದ್ರೂ ಉಪಯೋಗಕ್ಕೆ ಬರಲಿ.”

ಕಾರಿಗೆ ಜಾಗ ಸಿಗುವುದು ತಡವಾಯಿತು. ಅವನು ಬಂದಾಗ ಅತ್ತೆ ಗಾಜಿನ ಬಾಗಿಲಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಕೈ ಖಾಲಿ.

“ಇನ್ನೂ ಇಲ್ಲೇ ಇದ್ದೀಯಲ್ಲಮ್ಮಾ! ಬ್ಯಾಗ್ ಎಲ್ಲಿ?”

“ಒಳಗೆ ಹೋಯ್ತು.”

“ಅವಳು?”

ಅತ್ತೆ ಬೀರುವಿನ ಕೀಯನ್ನು ಅವನ ಅಂಗೈಗೆ ಹಾಕಿದಳು. ಮೆತ್ತನೆಯ ಮಾತಿನವನ ಬಾಯಿಂದ ಅಂಗಡಿಯಲ್ಲಿ ಯಾರೂ ಕೇಳದಿದ್ದ ಬೈಗುಳ ಬಂತು. ಬಾಗಿಲಿಗೆ ನುಗ್ಗಿದ. ಕಾವಲಿನವನು ಟಿಕೆಟ್ ಕೇಳಿ ಕೈ ಅಡ್ಡ ಹಿಡಿದ. ಗಾಜಿನಾಚೆ ಎಲ್ಲರ ಹಿಂದೆಯೂ ಬೂದು ಬ್ಯಾಗುಗಳು ಉರುಳುತ್ತಿದ್ದವು.

“ಆ ಎಕ್ಸ್-ರೇ ನನ್ನ ಮೊಣಕಾಲಿಂದಲ್ಲ ಕಣೋ, ಅವಳ ಕೈಯದು. ನೀನು ಬಾಗಿಲು ಹಾಕಿದ ಅಷ್ಟೂ ಸಲದ್ದು,” ಎಂದಳು ಅವನ ಹೆತ್ತ ತಾಯಿ. “ಈ ಸಲ ಹಾಕಿದ್ದು ಅವಳು.”